ನೂರೈವತ್ತು ಡಾಲರಿನ ಟೇಪು

1985ನೆಯ ಇಸವಿಯ ಮೊದಲ ತಿಂಗಳುಗಳಲ್ಲಿ, ಅಮೆರಿಕದ ಕೇಂಬ್ರಿಜ್ ನಗರದಲ್ಲಿ, ಒಂದು ವರ್ಷದ ಹಿಂದೆ ತಾವಾಗಿಯೇ ಎಂ.ಐ.ಟಿ. ವಿದ್ಯಾಸಂಸ್ಥೆಯ ಉದ್ಯೋಗವನ್ನು ತ್ಯಜಿಸಿ ಹೊರಬಂದು ಜೀವನೋಪಾಯಕ್ಕೆ ಬೇರೆ ದಾರಿಯನ್ನು ಅರಸುತ್ತಿದ್ದ ರಿಚರ್ಡ್ ಸ್ಟಾಲ್‌ಮನ್ ಎಂಬವರು, ತಾವು ರಚಿಸಿದ ‘ಗ್ನೂ ಇಮ್ಯಾಕ್ಸ್’ ಎಂಬ ಬರವಣಿಗೆಯ ತಂತ್ರಾಂಶವನ್ನು ಟೇಪಿನ ಸುರುಳಿಯಲ್ಲಿ ತುಂಬಿ, 150 ಡಾಲರುಗಳನ್ನು ಕಳುಹಿಸಿದವರಿಗೆ ಅಂಚೆಯ ಮೂಲಕ ಮುಟ್ಟಿಸುವುದಾಗಿ ಪ್ರಕಟಿಸಿದರು. ಅದೇ ತಂತ್ರಾಂಶ ಅದೇ ವೇಳೆಯಲ್ಲಿ ಎಂ.ಐ.ಟಿ.ಯ ಒಂದು ಗಣಕಯಂತ್ರದಲ್ಲಿ ಬಾಗಿಲು ತೆರೆದೇ ಇದ್ದಿತು. ಜಾಲಸಂಪರ್ಕವುಳ್ಳವರು ಕಾಸು ಕೊಡದೆ ಅದನ್ನು ತೆಗೆದುಕೊಳ್ಳಬಹುದಾಗಿದ್ದಿತು. ಸಂಪರ್ಕವಿಲ್ಲದವರು ಅದುಳ್ಳ ಸ್ನೇಹಿತರಿಂದ ನಕಲು ಮಾಡಿಸಿಕೊಳ್ಳಬಹುದಾಗಿದ್ದಿತು. ಆದರೂ ಟೇಪನ್ನು ಕೊಂಡವರಿದ್ದರು, ಅದರಿಂದ ಬಂದ ಹಣದಿಂದ ಸ್ಟಾಲ್‌ಮನ್ ಅವರ ಜೀವನ ಸಾಗಿತು. ಮುಕ್ತ ತಂತ್ರಾಂಶದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದರ ಆದರ್ಶಗಳಿಂದ ಆರಂಭಿಸುತ್ತಾರೆ. ನನಗಾದರೋ ಈ ಟೇಪಿನಿಂದ ಆರಂಭಿಸುವುದೇ ಸರಿಯೆಂದು ತೋರುತ್ತದೆ. ಹಣ ತೆಗೆದುಕೊಂಡು ಮಾರಿದ ವಸ್ತುವೊಂದು ಈ ಚಳವಳಿಯ ತೊಟ್ಟಿಲಲ್ಲಿಯೇ ಇದ್ದಿತೆಂಬುದನ್ನು ಮರೆತದ್ದರಿಂದಲೇ ಮುಂದಿನ ನಾಲ್ವತ್ತು ವರ್ಷಗಳ ಎಷ್ಟೋ ಜಗಳಗಳು ಹುಟ್ಟಿದುವು.

ಮರೆವಿಗೆ ಭಾಷೆಯೂ ಒಂದು ಕಾರಣ. ಇಂಗ್ಲಿಷಿನ ‘ಫ್ರೀ’ ಎಂಬ ಶಬ್ದಕ್ಕೆ ಬೆಲೆಯಿಲ್ಲದ್ದು ಎಂದೂ ಅರ್ಥವುಂಟು, ಬಂಧನವಿಲ್ಲದ್ದು ಎಂದೂ ಅರ್ಥವುಂಟು. ಆ ಭಾಷೆಯವರು ಈ ಎರಡರ ನಡುವೆ ಇಂದಿಗೂ ತೊಳಲುತ್ತಿದ್ದಾರೆ. ಕನ್ನಡಕ್ಕೆ ಆ ಸಂಕಟವಿಲ್ಲ. ಬಿಟ್ಟಿ, ಪುಕ್ಕಟೆ ಎಂಬ ಮಾತುಗಳು ಒಂದು ಕಡೆ, ಸ್ವತಂತ್ರ, ಮುಕ್ತ ಎಂಬ ಮಾತುಗಳು ಇನ್ನೊಂದು ಕಡೆ, ಬೇರೆಬೇರೆಯಾಗಿಯೇ ನಿಂತಿವೆ. ಆದರೆ ನಮ್ಮ ‘ಉಚಿತ’ ಎಂಬ ಪದ ಮಾತ್ರ ವಿಚಾರಮಾಡತಕ್ಕದ್ದು. ಸಂಸ್ಕೃತದಲ್ಲಿ ಅದಕ್ಕೆ ತಕ್ಕದ್ದು, ಯೋಗ್ಯವಾದುದು ಎಂದಷ್ಟೇ ಅರ್ಥ. ದುಡ್ಡಿಲ್ಲದೆ ದೊರೆಯುವುದು ಎಂಬ ಅರ್ಥ ಬಳಕೆಯಲ್ಲಿ ನಾವು ಕೊಟ್ಟುಕೊಂಡದ್ದು. ತಂತ್ರಾಂಶದ ವಿಷಯದಲ್ಲಿ ನಡೆದ ವಿವಾದವೆಲ್ಲ ಆ ಹಳೆಯ ಅರ್ಥದ ಉಚಿತವನ್ನು ಕುರಿತದ್ದು: ಯಾವುದಕ್ಕೆ ಬೆಲೆ ತೆಗೆದುಕೊಳ್ಳುವುದು ಉಚಿತ, ಯಾವುದಕ್ಕೆ ಅನುಚಿತ?

ಮೊದಲು ವಸ್ತುವನ್ನು ತಿಳಿಯಬೇಕು. ತಂತ್ರಾಂಶವೆಂಬುದಕ್ಕೆ ಎರಡು ರೂಪಗಳಿವೆ. ಮನುಷ್ಯನು ಬರೆಯುವ, ಮನುಷ್ಯನೇ ಓದಿ ತಿದ್ದಬಹುದಾದ ಪಾಠ ಒಂದು. ಇದನ್ನೇ ಸೋರ್ಸ್ ಕೋಡ್ ಅಥವಾ ಆಕರಸಂಕೇತ ಎನ್ನುವರು. ಆ ಪಾಠದಿಂದ ಕಂಪೈಲರ್ ಎಂಬ ಸಾಧನವು ಸಿದ್ಧಪಡಿಸುವ, ಯಂತ್ರವೊಂದಕ್ಕೇ ಅರ್ಥವಾಗುವ ಸೊನ್ನೆ ಒಂದುಗಳ ಸರಣಿ ಮತ್ತೊಂದು. ಎರಡನೆಯದನ್ನು ಮಾತ್ರ ಕೊಟ್ಟು ಮೊದಲನೆಯದನ್ನು ಕೊಡದಿರುವುದು, ಸೀರೆಯನ್ನು ಮಾರಿ ಅದರ ಸೆರಗಿನ ಚಿತ್ತಾರದ ಎಳೆಯೆಣಿಕೆಯನ್ನು ಬಚ್ಚಿಟ್ಟ ಹಾಗೆ; ಉಡುವವರಿಗೆ ತೊಂದರೆಯಿಲ್ಲ, ಆದರೆ ಹರಿದಾಗ ಅದೇ ಚಿತ್ತಾರವನ್ನು ಮತ್ತೆ ನೇಯಬೇಕೆನ್ನುವವರಿಗೆ ದಾರಿಯಿಲ್ಲ.

ಗಣಕಯಂತ್ರಗಳ ಆದಿಕಾಲದಲ್ಲಿ ಈ ಎರಡು ರೂಪಗಳಿಗೂ ಪ್ರತ್ಯೇಕವಾದ ಬೆಲೆಯೇ ಇರಲಿಲ್ಲ. ಕೋಣೆಯಗಲದ ಯಂತ್ರವನ್ನು ಐ.ಬಿ.ಎಂ. ಸಂಸ್ಥೆ ಹೆಚ್ಚಾಗಿ ಬಾಡಿಗೆಗೆ ಕೊಡುತ್ತಿದ್ದಿತು. ತಂತ್ರಾಂಶವೂ ಅದನ್ನು ಹೊಂದಿಸಿಕೊಡುವ ಎಂಜಿನಿಯರುಗಳ ಸೇವೆಯೂ ಆ ಬಾಡಿಗೆಯಲ್ಲಿಯೇ ಸೇರಿ ಬರುತ್ತಿದ್ದುವು. 1955ರಲ್ಲಿ ಐ.ಬಿ.ಎಂ. 704 ಯಂತ್ರವನ್ನು ಪಡೆಯಲಿದ್ದ ಗಿರಾಕಿಗಳು ಕೂಡಿ ‘ಷೇರ್’ ಎಂಬ ಸಂಘವನ್ನು ಕಟ್ಟಿ, ತಾವು ಬರೆದ ಪ್ರೋಗ್ರಾಮುಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳತೊಡಗಿದರು. ಅದು ಔದಾರ್ಯಕ್ಕಿಂತ ಹೆಚ್ಚಾಗಿ ಅವಶ್ಯಕತೆ. ಒಂದೇ ಲೆಕ್ಕದ ಕ್ರಮವನ್ನು ಹತ್ತು ಕಡೆ ಹತ್ತು ಮಂದಿ ಹೊಸದಾಗಿ ಬರೆಯುವುದು ದಂಡವೆಂಬುದು ಅವರಿಗೆ ಚೆನ್ನಾಗಿ ಗೊತ್ತಿದ್ದಿತು.

ಈ ವ್ಯವಸ್ಥೆ ಮುರಿದದ್ದು 1969ರಲ್ಲಿ. ಆ ವರ್ಷದ ಜನವರಿಯಲ್ಲಿ ಅಮೆರಿಕದ ನ್ಯಾಯಾಂಗ ಇಲಾಖೆಯು ಐ.ಬಿ.ಎಂ. ಮೇಲೆ ಏಕಸ್ವಾಮ್ಯದ ಮೊಕದ್ದಮೆಯನ್ನು ಹೂಡಿತು. ಜೂನ್ 23ರಂದು ಆ ಸಂಸ್ಥೆ ತಂತ್ರಾಂಶಕ್ಕೂ ಸೇವೆಗೂ ಯಂತ್ರದಿಂದ ಬೇರೆಯಾಗಿ ಬೆಲೆ ಕಟ್ಟುವುದಾಗಿ ಸಾರಿತು, ಯಂತ್ರದ ಬೆಲೆಯನ್ನು ನೂರಕ್ಕೆ 3ರಷ್ಟು ಇಳಿಸಿತು. ಇದನ್ನು ಸ್ವರ್ಗದಿಂದ ಪತನವೆಂಬಂತೆ ವರ್ಣಿಸುವವರುಂಟು. ನಾನು ಹಾಗೆ ಭಾವಿಸಲಾರೆ. ಯಂತ್ರದ ಜೊತೆಗೆ ತಂತ್ರಾಂಶವನ್ನು ಕಟ್ಟಿ ಕೊಡುತ್ತಿರುವವರೆಗೆ, ತಂತ್ರಾಂಶವನ್ನಷ್ಟೇ ಬರೆದು ಬದುಕಬೇಕೆನ್ನುವ ಬೇರೊಬ್ಬನಿಗೆ ಮಾರುಕಟ್ಟೆಯಲ್ಲಿ ನಿಲ್ಲಲು ಸ್ಥಳವಿರಲಿಲ್ಲ. ಗಂಟು ಬಿಚ್ಚಿದ ಮೇಲೆ ಅಂಥವರಿಗೆ ಎಡೆ ದೊರೆಯಿತು. ಇಲ್ಲಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಬೆಲೆ ಬಂದದ್ದು 1969ರಲ್ಲಿ. ಆದರೆ ಮುಂದೆ ಆಕರಸಂಕೇತವನ್ನು ಬಿಟ್ಟು ಯಂತ್ರರೂಪವನ್ನು ಮಾತ್ರ ಕೊಡುವುದೆಂಬ ನೀತಿಯನ್ನು ಅದೇ ಐ.ಬಿ.ಎಂ. ಪ್ರಕಟಿಸಿದ್ದು 1983ರ ಫೆಬ್ರವರಿಯಲ್ಲಿ. ನಡುವೆ ಹದಿನಾಲ್ಕು ವರ್ಷಗಳು. ಹಣ ತೆಗೆದುಕೊಳ್ಳುವುದು ಒಂದು ಕಾರ್ಯ, ಮರೆಮಾಡುವುದು ಇನ್ನೊಂದು ಕಾರ್ಯ. ಇವೆರಡೂ ಅವಳಿಗಳಾಗಿ ಹುಟ್ಟಿದವಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ.

ನಡುವಣ ಕಾಲದಲ್ಲಿ, 1976ರ ಫೆಬ್ರವರಿಯಲ್ಲಿ, ಆಗ ಇಪ್ಪತ್ತರ ಹರೆಯದವರಾಗಿದ್ದ ಬಿಲ್ ಗೇಟ್ಸ್ ಅವರು ಗಣಕಯಂತ್ರದ ಹವ್ಯಾಸಿಗಳಿಗೆ ಒಂದು ಬಹಿರಂಗಪತ್ರವನ್ನು ಬರೆದು, ತಮ್ಮ ಬೇಸಿಕ್ ತಂತ್ರಾಂಶವನ್ನು ಹಣ ಕೊಡದೆ ನಕಲು ಮಾಡಿಕೊಳ್ಳುವುದು ಕಳ್ಳತನವೆಂದು ಖಂಡಿಸಿದರು. ಅವರ ದೂರಿನಲ್ಲಿ ನ್ಯಾಯದ ಅಂಶವಿಲ್ಲದಿರಲಿಲ್ಲ: ದುಡಿದವನಿಗೆ ಕೂಲಿ ಸಲ್ಲಬೇಕು. ಆದರೆ ಆ ಕೂಲಿಯನ್ನು ಪಡೆಯಲು ನಕಲನ್ನು ನಿಷೇಧಿಸುವುದಲ್ಲದೆ ಅನ್ಯಮಾರ್ಗವಿಲ್ಲವೆಂಬ ನಂಬಿಕೆ ಅಂದಿನಿಂದ ಬೇರೂರಿತು.

ಮುಂದೆ ಕೆಲವು ವರ್ಷಗಳಲ್ಲಿ, ಸ್ಟಾಲ್‌ಮನ್ ಅವರು ದುಡಿಯುತ್ತಿದ್ದ ಎಂ.ಐ.ಟಿ.ಯ ಕೃತಕ ಬುದ್ಧಿಮತ್ತೆಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಸಂಸ್ಥೆ ಒಂದು ಲೇಸರ್ ಮುದ್ರಣಯಂತ್ರವನ್ನು ದಾನವಾಗಿ ಕೊಟ್ಟಿದ್ದಿತು. ಕಾಗದ ಸಿಕ್ಕಿಕೊಂಡು ಯಂತ್ರ ನಿಂತರೆ, ಅದು ಬೇರೊಂದು ಅಂತಸ್ತಿನಲ್ಲಿದ್ದುದರಿಂದ, ಕಾಯುತ್ತಿದ್ದವರಿಗೆ ತಿಳಿಯುತ್ತಿರಲಿಲ್ಲ. ಹಳೆಯ ಮುದ್ರಣಯಂತ್ರದಲ್ಲಿ ಇಂತಹ ಕೊರತೆಯನ್ನು ಸ್ಟಾಲ್‌ಮನ್ ಅವರು ಆಕರಸಂಕೇತವನ್ನು ತಿದ್ದಿ ನೀಗಿಸಿದ್ದರು. ಹೊಸದರಲ್ಲಿ ತಿದ್ದಲು ಆಕರಸಂಕೇತವೇ ಇರಲಿಲ್ಲ. ಕಾರ್ನೆಗೀ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಅದರ ಪ್ರತಿಯುಳ್ಳವರೊಬ್ಬರಿದ್ದಾರೆಂದು ಕೇಳಿ, ಅಲ್ಲಿಗೆ ಹೋದಾಗ ಅವರನ್ನು ಕಂಡು ಯಾಚಿಸಿದರೆ, ಕೊಡುವುದಿಲ್ಲವೆಂದು ತಾವು ಮಾತು ಕೊಟ್ಟಿರುವುದಾಗಿ ಅವರು ಹೇಳಿಬಿಟ್ಟರು. ಈ ಕಥೆಯನ್ನು ಹೇಳುವಾಗ ಜನ ಮರೆಯುವ ಒಂದು ಅಂಶವನ್ನು ಒತ್ತಿ ಹೇಳಬೇಕೆನಿಸುತ್ತದೆ: ಆ ಮುದ್ರಣಯಂತ್ರ ಪುಕ್ಕಟೆಯಾಗಿ ಬಂದದ್ದು. ಬೆಲೆಯಿಲ್ಲದ ವಸ್ತುವೇ ಅಲ್ಲಿ ಬಂಧನವಾಯಿತು. ಐದಾರು ವರ್ಷಗಳ ಮೇಲೆ 150 ಡಾಲರಿಗೆ ಮಾರಿದ ಟೇಪಿನಲ್ಲಿ, ಕೊಂಡವನು ಓದಬಹುದಾದ, ತಿದ್ದಬಹುದಾದ, ನೆರೆಯವನಿಗೆ ನಕಲು ಮಾಡಿ ಕೊಡಬಹುದಾದ ಆಕರಸಂಕೇತವೆಲ್ಲವೂ ಇದ್ದಿತು.

1983ರ ಸೆಪ್ಟೆಂಬರ್ 27ರಂದು ಮುಕ್ತ ತಂತ್ರಾಂಶದ ಸಂಪೂರ್ಣ ವ್ಯವಸ್ಥೆಯೊಂದನ್ನು ಕಟ್ಟುವ ‘ಗ್ನೂ’ ಯೋಜನೆಯನ್ನು ಸಾರಿದಾಗ ಮಾತ್ರ ಸ್ಟಾಲ್‌ಮನ್ ಅವರ ಭಾಷೆ ಇಷ್ಟು ಹದಗೊಂಡಿರಲಿಲ್ಲ. ಬಳಸಬಲ್ಲವರಿಗೆಲ್ಲ ‘ಫ್ರೀ’ ಆಗಿ ಕೊಡುವೆನೆಂದು ಅವರು ಬರೆದರು. 1985ರ ಗ್ನೂ ಪ್ರಣಾಳಿಕೆಯಲ್ಲಿಯೂ ಆ ಮಾತು ಉಳಿಯಿತು. ಓದಿದವರು ಸಹಜವಾಗಿಯೇ ದುಡ್ಡಿಲ್ಲದೆ ಎಂದು ತಿಳಿದರು. ಮುಂದೆ ಅದಕ್ಕೊಂದು ಅಡಿಟಿಪ್ಪಣಿಯನ್ನು ಸೇರಿಸಿ, ಇಲ್ಲಿ ಪದಪ್ರಯೋಗದಲ್ಲಿ ತಾವು ಎಚ್ಚರ ತಪ್ಪಿದರೆಂದೂ, ಬಳಸುವ ಅನುಮತಿಗಾಗಿ ಯಾರೂ ಹಣ ಕೊಡಬೇಕಾಗಿಲ್ಲವೆಂಬುದೇ ತಮ್ಮ ಅಭಿಪ್ರಾಯವಾಗಿತ್ತೆಂದೂ, ಪ್ರತಿಯನ್ನು ಒದಗಿಸಿದ್ದಕ್ಕೆ ಹಣ ತೆಗೆದುಕೊಳ್ಳುವುದು ಬೇರೆಯ ಮಾತೆಂದೂ ಒಪ್ಪಿಕೊಂಡರು. ಸ್ವಂತ ಪ್ರಣಾಳಿಕೆಯ ಕೆಳಗೆ ತಪ್ಪೊಪ್ಪಿಗೆಯನ್ನು ಬರೆದಿಟ್ಟು, ಮೂಲದ ವಾಕ್ಯವನ್ನು ಅಳಿಸದೆ ಹಾಗೆಯೇ ಉಳಿಸಿದ ಈ ಪ್ರಾಮಾಣಿಕತೆ ನನಗೆ ಬಹಳ ಮೆಚ್ಚುಗೆಯಾದುದು.

ಅನುಮತಿಗೂ ಪ್ರತಿಗೂ ನಡುವಣ ಆ ತಾರತಮ್ಯವು ಕಾನೂನಿನ ರೂಪವನ್ನು ತಳೆದದ್ದು 1989ರ ಫೆಬ್ರವರಿಯಲ್ಲಿ ಹೊರಬಂದು 1991ರ ಜೂನಿನಲ್ಲಿ ಪರಿಷ್ಕೃತವಾದ ಜಿ.ಪಿ.ಎಲ್. ಎಂಬ ಸಾರ್ವಜನಿಕ ಪರವಾನಗಿಯಲ್ಲಿ. ಅದರ ಎರಡನೆಯ ಆವೃತ್ತಿಯನ್ನು ನಿಧಾನವಾಗಿ ಓದಿದವರಿಗೆ ಒಂದು ವಿಚಿತ್ರ ಕಾಣುತ್ತದೆ. ಪ್ರತಿಯನ್ನು ವರ್ಗಾಯಿಸಿದ್ದಕ್ಕೆ ಹಣ ತೆಗೆದುಕೊಳ್ಳಬಹುದು, ಖಾತರಿಯನ್ನು ಬೆಲೆಗೆ ಮಾರಬಹುದು. ಇವುಗಳಿಗೆ ಎಲ್ಲಿಯೂ ಗರಿಷ್ಠ ಮಿತಿಯಿಲ್ಲ. ಯಂತ್ರರೂಪವನ್ನು ಮಾತ್ರ ಕೊಟ್ಟು, ಆಕರಸಂಕೇತವನ್ನು ಕೇಳಿದಾಗ ಕೊಡುವೆನೆಂದು ಲಿಖಿತವಾಗಿ ವಾಗ್ದಾನ ಮಾಡುವವನು ಮಾತ್ರ, ಆ ವಾಗ್ದಾನವನ್ನು ಕಡಮೆಯೆಂದರೆ ಮೂರು ವರ್ಷ ಪಾಲಿಸಬೇಕು. ಮತ್ತು ಆಗ ಅವನು ಕೇಳುವ ಹಣ, ನಕಲು ಮಾಡಿ ಕಳುಹಿಸಲು ತಗಲುವ ವೆಚ್ಚವನ್ನು ಮೀರಕೂಡದು. ಇಡೀ ಪರವಾನಗಿಯಲ್ಲಿ ಪ್ರತಿಯ ಬೆಲೆಗೆ ಮೇಲ್ಮಿತಿಯನ್ನು ವಿಧಿಸಿರುವುದು ಇದೊಂದೇ ಎಡೆಯಲ್ಲಿ. ಕಾರಣ ಸ್ಪಷ್ಟ: ಇಲ್ಲಿ ಮಿತಿಯಿಲ್ಲದಿದ್ದರೆ, ತಂತ್ರಾಂಶವನ್ನು ಹತ್ತು ರೂಪಾಯಿಗೆ ಮಾರಿ, ಆಕರಸಂಕೇತಕ್ಕೆ ಹತ್ತು ಕೋಟಿ ಕೇಳಿ, ಕೊಡುವುದಿಲ್ಲವೆಂದು ನಾನೆಲ್ಲಿ ಹೇಳಿದೆನೆಂದು ಮಾರಾಟಗಾರನು ಕೈ ತೊಳೆದುಕೊಳ್ಳಬಹುದಾಗಿದ್ದಿತು. ವಸ್ತುವಿಗೆ ಬೆಲೆಯಿರಬಹುದು, ವಸ್ತುವಿನ ಅರಿವಿಗೆ ಸಾಗಣೆಯ ಕೂಲಿಯಷ್ಟೇ.

ನಮ್ಮ ಹಳೆಯ ಓಲೆಗರಿಯ ಕಾಲದವರಿಗೆ ಈ ನ್ಯಾಯವನ್ನು ವಿವರಿಸಬೇಕಾಗಿಯೇ ಇರಲಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ದಾನವಿತ್ತಳು. ಪಡೆದವರಿಗೆ ಅದು ದಾನ. ಆದರೆ ಸಾವಿರ ಪ್ರತಿಗಳ ಓಲೆಯನ್ನು ಹದಮಾಡಿ, ಕಂಟದಿಂದ ಕೊರೆದು, ಮಸಿ ಹಚ್ಚುವ ಶ್ರಮ ಪುಕ್ಕಟೆಯಾಗಿ ಆಗತಕ್ಕದ್ದಲ್ಲ. ಅದರ ಭಾರವನ್ನು ಆ ಮಹಾತಾಯಿ ಹೊತ್ತಳು. ಪ್ರತಿ ಮಾಡುವ ದುಡಿಮೆಗೆ ಬೆಲೆಯಿದ್ದಿತು, ಪ್ರತಿ ಮಾಡುವ ಅನುಮತಿಗೆ ಬೆಲೆಯಿರಲಿಲ್ಲ.

1985ರ ಅಕ್ಟೋಬರಿನಲ್ಲಿ ಸ್ಥಾಪಿತವಾದ ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಸ್ಟಾಲ್‌ಮನ್ ಅವರ ಟೇಪಿನ ವ್ಯಾಪಾರವನ್ನು ವಹಿಸಿಕೊಂಡಿತು. ದಾನವನ್ನೂ ಅದು ಸ್ವೀಕರಿಸುತ್ತಿದ್ದಿತು, ಆದರೆ ಬಹುಕಾಲ ಅದರ ವರಮಾನದ ಹೆಚ್ಚಿನ ಪಾಲು ಟೇಪು ಮತ್ತು ಕೈಪಿಡಿಗಳ ಮಾರಾಟದಿಂದಲೇ ಬಂದಿತು. ಗಿರಾಕಿಯ ಯಂತ್ರಕ್ಕೆ ಹೊಂದುವಂತೆ ಸಂಗ್ರಹವನ್ನೆಲ್ಲ ಸಿದ್ಧಪಡಿಸಿ ಕೊಡುವ ಒಂದು ವಿಶೇಷ ಪ್ರತಿಗೆ 5000 ಡಾಲರುಗಳ ಬೆಲೆಯನ್ನು ಗೊತ್ತುಮಾಡಿದ್ದರು. ಆ ಹಣ ಪ್ರೋಗ್ರಾಮರುಗಳ ಸಂಬಳವಾಗಿ ಮತ್ತೆ ತಂತ್ರಾಂಶವಾಗಿ ಹರಿಯಿತು.

ಇದನ್ನು ಪೂರ್ಣಪ್ರಮಾಣದ ವ್ಯವಹಾರವನ್ನಾಗಿ ಮಾಡಬಹುದೆಂದು ಕಂಡುಕೊಂಡವರು, 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಗ್ನಸ್ ಸಪೋರ್ಟ್ ಎಂಬ ಸಂಸ್ಥೆಯನ್ನು ಕಟ್ಟಿದ ಜಾನ್ ಗಿಲ್‌ಮೋರ್, ಮೈಕಲ್ ಟೀಮನ್ ಮತ್ತು ಡೇವಿಡ್ ಹೆಂಕೆಲ್-ವ್ಯಾಲೇಸ್ ಎಂಬ ಮೂವರು. ಗ್ನೂ ಕಂಪೈಲರನ್ನು ಹೊಸಹೊಸ ಪ್ರೊಸೆಸರುಗಳಿಗೆ ಅಳವಡಿಸಿಕೊಡುವುದು, ತೊಡಕು ಬಂದಾಗ ಬಿಡಿಸುವುದು, ಇದಕ್ಕೆ ವರ್ಷಾವಧಿಯ ಹಣ ಪಡೆಯುವುದು: ಇಷ್ಟೇ ಅವರ ವೃತ್ತಿ. ಆಕರಸಂಕೇತ ಎಲ್ಲರ ಬಳಿಯಲ್ಲಿಯೂ ಇರುವಾಗ ಇವರಿಗೇಕೆ ಹಣ ಕೊಡಬೇಕೆಂದು ಅಂದು ಕೇಳಿದವರು ಬಹಳ ಮಂದಿ. ಆದರೆ ವೈದ್ಯಗ್ರಂಥ ಅಂಗಡಿಯಲ್ಲಿ ದೊರೆಯುವುದೆಂದು ಯಾರೂ ವೈದ್ಯನನ್ನು ಬಿಟ್ಟಿಲ್ಲ. ಹತ್ತು ವರ್ಷ ನಡೆದ ಈ ಸಂಸ್ಥೆಯನ್ನು 1999ರ ಕೊನೆಯಲ್ಲಿ ರೆಡ್ ಹ್ಯಾಟ್ ಎಂಬ ತಂತ್ರಾಂಶ ಸಂಸ್ಥೆ ಕೊಳ್ಳುವುದಾಗಿ ಪ್ರಕಟಿಸಿತು.

ಲಿನಕ್ಸಿನ ಕಥೆಯಲ್ಲಿ ಈ ಪ್ರಶ್ನೆ ತಿರುಗುಮುರುಗಾಗಿ ಬಂದಿತೆಂಬುದು ಅನೇಕರಿಗೆ ತಿಳಿಯದು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನುಸ್ ಟೊರ್ವಾಲ್ಡ್ಸ್ ಅವರು ಗಣಕವ್ಯವಸ್ಥೆಯ ತಿರುಳಾದ ತಮ್ಮ ಲಿನಕ್ಸ್ ಕರ್ನೆಲನ್ನು ಮೊದಲು ಹೊರಬಿಟ್ಟಾಗ, ಅದನ್ನು ಹಂಚುವವರು ಆಕರಸಂಕೇತವನ್ನು ಪೂರ್ತಿಯಾಗಿ ಕೊಡಲೇಬೇಕೆಂದೂ, ಯಾವ ಶುಲ್ಕವನ್ನೂ, ನಕಲು ಮಾಡಿ ಕಳುಹಿಸುವ ವೆಚ್ಚವನ್ನು ಕೂಡ, ತೆಗೆದುಕೊಳ್ಳಕೂಡದೆಂದೂ ಷರತ್ತು ಹಾಕಿದ್ದರು. ಇಪ್ಪತ್ತೊಂದರ ವಯಸ್ಸಿನ ಹುಡುಗನ ಆದರ್ಶಕ್ಕೆ ಇದು ತಕ್ಕದ್ದೇ. ಫಲಿತಾಂಶ ಮಾತ್ರ ವಿಪರೀತವಾಯಿತು. ಜಾಲಸಂಪರ್ಕವಿಲ್ಲದ ಆಸಕ್ತರಿಗೆ ಫ್ಲಾಪಿಗಳಲ್ಲಿ ನಕಲು ಮಾಡಿ ಕೊಡಬೇಕೆಂದಿದ್ದವರು, ಫ್ಲಾಪಿಯ ದುಡ್ಡನ್ನಾದರೂ ತೆಗೆದುಕೊಳ್ಳಬಹುದೇ ಎಂದು ಕೇಳತೊಡಗಿದರು. ಷರತ್ತಿನ ಪ್ರಕಾರ ಅದೂ ಇಲ್ಲ. ಹಣವನ್ನು ನಿಷೇಧಿಸಿದ್ದರಿಂದ ತಂತ್ರಾಂಶ ಬಡವನ ಮನೆಗೆ ಹೋಗುವ ದಾರಿಯೇ ಮುಚ್ಚಿತು. ಟೊರ್ವಾಲ್ಡ್ಸ್ ಅವರು ಹಟ ಹಿಡಿಯಲಿಲ್ಲ. 1992ರಲ್ಲಿ ಆ ಷರತ್ತನ್ನು ತೆಗೆದುಹಾಕಿ ಜಿ.ಪಿ.ಎಲ್. ಪರವಾನಗಿಗೆ ಬಂದರು. ಆಕರಸಂಕೇತವನ್ನು ಕೊಡಲೇಬೇಕೆಂಬ ನಿಯಮ ಉಳಿಯಿತು, ಹಣ ಕೂಡದೆಂಬ ನಿಯಮ ಹೋಯಿತು. ಅದೇ ವರ್ಷದ ಕೊನೆಗೆ ಇಗ್‌ಡ್ರಾಸಿಲ್ ಎಂಬ ಸಂಸ್ಥೆಯ ಲಿನಕ್ಸ್ ಸಿ.ಡಿ. ಮಾರಾಟಕ್ಕೆ ಬಂದಿತು, ಮುಂದೆ ವಾಲ್ನಟ್ ಕ್ರೀಕ್ ಮೊದಲಾದವರು ಲಿನಕ್ಸಿನದೇ ಇನ್ನೊಂದು ರೂಪವಾದ ಸ್ಲ್ಯಾಕ್‌ವೇರ್ ಸಿ.ಡಿ.ಗಳನ್ನು ಮಾರಿದರು.

ಈ ಬದಲಾವಣೆಯ ಫಲವನ್ನು ಉಂಡವರಲ್ಲಿ ನಾವೂ ಇದ್ದೇವೆ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲವು ದೊರೆತದ್ದು 1995ರ ಆಗಸ್ಟ್ 15ರಂದು; ಅನಂತರದ ಹಲವು ವರ್ಷ ಅದು ದೂರವಾಣಿಯ ತಂತಿಯಲ್ಲಿ ತೆವಳುತ್ತ ಬರುತ್ತಿದ್ದುದರಿಂದ, ಸಿ.ಡಿ.ಯೊಂದು ಹಿಡಿಯುವಷ್ಟು ತಂತ್ರಾಂಶವನ್ನು ಮನೆಗೆ ಇಳಿಸಿಕೊಳ್ಳುವುದು ಹಗಲುಗನಸು. ಕಂಪ್ಯೂಟರ್ ಮಾಸಪತ್ರಿಕೆಯ ಜೊತೆಗೆ ಬಂದ, ಅಥವಾ ಗೆಳೆಯನೊಬ್ಬ ಖಾಲಿ ಸಿ.ಡಿ.ಯ ಬೆಲೆಗೆ ಬರೆದುಕೊಟ್ಟ ಪ್ರತಿಯಿಂದಲೇ ಬೆಂಗಳೂರಿನ, ಮೈಸೂರಿನ, ಧಾರವಾಡದ ಎಷ್ಟೋ ವಿದ್ಯಾರ್ಥಿಗಳು ಲಿನಕ್ಸನ್ನು ಮೊದಲು ಕಂಡದ್ದು. ಆ ಪತ್ರಿಕೆಗೆ, ಆ ಸಿ.ಡಿ.ಗೆ, ಹಣ ತೆಗೆದುಕೊಳ್ಳುವ ಸ್ವಾತಂತ್ರ್ಯವಿಲ್ಲದಿದ್ದರೆ ಅದು ಇಲ್ಲಿಗೆ ಬರುತ್ತಲೇ ಇರಲಿಲ್ಲ. ಮುಂದೆ, 2006ರ ಆಗಸ್ಟಿನಲ್ಲಿ, ಜಿ.ಪಿ.ಎಲ್. ಪರವಾನಗಿಯ ಮೂರನೆಯ ಆವೃತ್ತಿಯ ಕರಡನ್ನು ಚರ್ಚಿಸಲು ಕೂಡಿದ ಅಂತಾರಾಷ್ಟ್ರೀಯ ಸಮ್ಮೇಳನಗಳಲ್ಲಿ ನಾಲ್ಕನೆಯದು ಬೆಂಗಳೂರಿನಲ್ಲಿಯೇ ನಡೆಯಿತು. ಮರುವರ್ಷದ ಜೂನ್ 29ರಂದು ಪ್ರಕಟವಾದ ಆ ಆವೃತ್ತಿಯು, ಪ್ರತಿಯೊಂದಕ್ಕೆ ಎಷ್ಟಾದರೂ ಬೆಲೆ ತೆಗೆದುಕೊಳ್ಳಬಹುದು ಅಥವಾ ಏನನ್ನೂ ತೆಗೆದುಕೊಳ್ಳದಿರಬಹುದು ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳಿತು.

ಬೆಲೆ ತೆಗೆದುಕೊಳ್ಳುವ ಈ ಸ್ವಾತಂತ್ರ್ಯವನ್ನು ಯಾರಿಗಿಂತಲೂ ದೊಡ್ಡದಾಗಿ ಬಳಸಿದ್ದು ರೆಡ್ ಹ್ಯಾಟ್ ಸಂಸ್ಥೆ. ಅದರ ಸ್ಥಾಪಕರಲ್ಲೊಬ್ಬರಾದ ಬಾಬ್ ಯಂಗ್ ಅವರು ತಮ್ಮ ವ್ಯಾಪಾರವನ್ನು ಟೊಮ್ಯಾಟೊ ಕೆಚಪ್ಪಿಗೆ ಹೋಲಿಸುತ್ತಿದ್ದರು: ಮನೆಯಲ್ಲಿ ಯಾರು ಬೇಕಾದರೂ ಮಾಡಬಹುದು, ಆದರೂ ಹೆಸರುಳ್ಳ ಸೀಸೆಯನ್ನು ಜನ ಕೊಳ್ಳುತ್ತಾರೆ. 1999ರ ಆಗಸ್ಟ್ 11ರಂದು ಅದರ ಷೇರು ಪೇಟೆಗೆ ಬಂದಾಗ 14 ಡಾಲರಿನದು ಅದೇ ಸಂಜೆಗೆ 52 ಡಾಲರನ್ನು ದಾಟಿತು. ಇದೇ ಸಂಸ್ಥೆ ಭಾರತೀಯ ಲಿಪಿಗಳಿಗೆ ಲೋಹಿತ್ ಎಂಬ ಮುಕ್ತ ಅಕ್ಷರವಿನ್ಯಾಸಗಳನ್ನು ಹೊರತಂದಿತು; ಲಿನಕ್ಸ್ ಯಂತ್ರದಲ್ಲಿ ಕನ್ನಡವನ್ನು ಓದಿದವರು ಬಹುಮಟ್ಟಿಗೆ ಲೋಹಿತ್ ಕನ್ನಡವನ್ನು ಕಂಡಿರಲೇಬೇಕು. ಎಲ್ಲಿಯೋ ದೂರದ ಗಿರಾಕಿಗಳು ತೆತ್ತ ಹಣದಲ್ಲಿ ಒಂದು ಹನಿ ನಮ್ಮ ಒತ್ತಕ್ಷರಗಳಾಗಿ ಬಂದುದನ್ನು ನೆನೆದಾಗ, ಮುಂದೆ ನಾನು ಆ ಸಂಸ್ಥೆಯ ವಿಷಯದಲ್ಲಿ ಹೇಳಬೇಕಾದ ಮಾತು ಕಷ್ಟವಾಗುತ್ತದೆ.

2003ರಲ್ಲಿ ರೆಡ್ ಹ್ಯಾಟ್ ತನ್ನ ಹಳೆಯ ಸಾಮಾನ್ಯ ಆವೃತ್ತಿಯ ಪರಂಪರೆಯನ್ನು ಮುಗಿಸಿ, ಉದ್ಯಮಗಳಿಗಾಗಿ ಸಿದ್ಧಪಡಿಸಿದ ಆವೃತ್ತಿಯನ್ನು ಚಂದಾದಾರರಿಗೆ ಮಾತ್ರ ಕೊಡತೊಡಗಿತು. ಆದರೆ ಅದರ ಆಕರಸಂಕೇತವನ್ನು, ಚಂದಾದಾರರಲ್ಲದವರಿಗೂ ಸಿಕ್ಕುವಂತೆ, ಸಾರ್ವಜನಿಕವಾಗಿಯೇ ಇರಿಸಿದ್ದಿತು. ಅದನ್ನು ತೆಗೆದುಕೊಂಡು, ರೆಡ್ ಹ್ಯಾಟ್ ಹೆಸರನ್ನೂ ಲಾಂಛನವನ್ನೂ ಕಳಚಿ, ಮತ್ತೆ ಕಂಪೈಲ್ ಮಾಡಿ, ಸೆಂಟ್ ಓಎಸ್ ಎಂಬ ಹೆಸರಿನಲ್ಲಿ 2004ರಿಂದ ಕೆಲವರು ಹಂಚಿದರು. 2014ರಲ್ಲಿ ರೆಡ್ ಹ್ಯಾಟ್ ಆ ಯೋಜನೆಯನ್ನು ತನ್ನ ಆಶ್ರಯಕ್ಕೆ ತೆಗೆದುಕೊಂಡಿತು, 2020ರ ಡಿಸೆಂಬರಿನಲ್ಲಿ ಆ ರೂಪದ ಸೆಂಟ್ ಓಎಸ್ ಅನ್ನು ನಿಲ್ಲಿಸುವುದಾಗಿ ಹೇಳಿತು, 2023ರ ಜೂನಿನಲ್ಲಿ ತನ್ನ ಉದ್ಯಮ ಆವೃತ್ತಿಯ ಆಕರಸಂಕೇತವನ್ನು ಇನ್ನು ಮುಂದೆ ಗಿರಾಕಿಗಳಿಗೆ ಮಾತ್ರ ಕೊಡುವುದಾಗಿ ಸಾರಿತು. ಅಕ್ಷರಶಃ ನೋಡಿದರೆ ಇದು ಪರವಾನಗಿಗೆ ವಿರುದ್ಧವಲ್ಲ. ಯಂತ್ರರೂಪವನ್ನು ಪಡೆದವನಿಗೆ ಅದರ ಜೊತೆಯಲ್ಲಿಯೇ ಆಕರಸಂಕೇತವನ್ನು ಕೊಟ್ಟರೆ ಸಾಕು, ಊರಿಗೆಲ್ಲ ಹಂಚಬೇಕೆಂದು ಜಿ.ಪಿ.ಎಲ್. ಎಂದೂ ಹೇಳಿಲ್ಲ. 1985ರಲ್ಲಿಯೂ ಟೇಪು ಹೋದದ್ದು ಹಣ ಕೊಟ್ಟವರ ಮನೆಗೇ. ಆದರೆ ಆ ಟೇಪನ್ನು ಕೊಂಡವನು ಅದರ ನಕಲನ್ನು ಸಾವಿರ ಮಂದಿಗೆ ಕೊಟ್ಟರೂ ಸ್ಟಾಲ್‌ಮನ್ ಅವರು ಮುಂದಿನ ಟೇಪನ್ನು ಅವನಿಗೆ ನಿರಾಕರಿಸುವೆನೆಂಬ ಷರತ್ತು ಹಾಕಿರಲಿಲ್ಲ, ನಿರಾಕರಿಸಬೇಕೆಂಬ ಯೋಚನೆಯೂ ಅವರಿಗೆ ಬರುತ್ತಿರಲಿಲ್ಲ. ಇಲ್ಲಿಯಾದರೋ, ಗಿರಾಕಿಯು ಆಕರಸಂಕೇತವನ್ನು ತೆಗೆದು ಮರುಹಂಚಿಕೆಗೆ ಬಳಸಿದರೆ ಚಂದಾವನ್ನೇ ಕೊನೆಗೊಳಿಸಬಹುದೆಂಬ ಷರತ್ತು ಕರಾರಿನಲ್ಲಿದೆ. ಕೊಡುವ ಹಕ್ಕನ್ನು ಪರವಾನಗಿ ಉಳಿಸುತ್ತದೆ, ಅದನ್ನು ಚಲಾಯಿಸಿದವನನ್ನು ಕರಾರು ಹೊರಗೆ ಹಾಕುತ್ತದೆ. ಇದು ನ್ಯಾಯಾಲಯದಲ್ಲಿ ನಿಲ್ಲಬಹುದು. ಉಚಿತವೆಂದು, ಆ ಹಳೆಯ ಅರ್ಥದಲ್ಲಿ, ನಾನು ಒಪ್ಪಲಾರೆ. ದುಡಿಮೆಗೆ, ಖಾತರಿಗೆ, ಹೆಸರಿಗೆ ಎಷ್ಟು ಬೇಕಾದರೂ ಬೆಲೆ ಕಟ್ಟಲಿ; ಕೊಂಡವನು ತನ್ನ ನೆರೆಯವನಿಗೆ ಕೊಡುವ ಧೈರ್ಯಕ್ಕೆ ದಂಡ ಹಾಕಬಾರದು.

ಆ ವೇಳೆಗೆ ರೆಡ್ ಹ್ಯಾಟ್ ಕೂಡ ಬೇರೊಬ್ಬರದಾಗಿದ್ದಿತು. 3400 ಕೋಟಿ ಡಾಲರುಗಳಿಗೆ ಅದನ್ನು ಕೊಂಡು, 2019ರ ಜುಲೈಯಲ್ಲಿ ತನ್ನದಾಗಿಸಿಕೊಂಡ ಸಂಸ್ಥೆ ಐ.ಬಿ.ಎಂ.; ತಂತ್ರಾಂಶಕ್ಕೆ ಬೇರೆಯಾಗಿ ಬೆಲೆ ಕಟ್ಟುವೆನೆಂದು ಅದು ಸಾರಿದ ದಿನಕ್ಕೆ ಆಗ ಐವತ್ತು ವರ್ಷ ತುಂಬಿದ್ದಿತು.

ನಮ್ಮ ಮನೆಗಳಲ್ಲಿಯೂ ಇಂದು ಲಿನಕ್ಸ್ ಇದೆ. ದೂರದರ್ಶನದ ಪೆಟ್ಟಿಗೆಯಲ್ಲಿದೆ, ವೈಫೈ ರೂಟರಿನಲ್ಲಿದೆ. ಅಂತಹ ವಸ್ತುವಿನ ಪೆಟ್ಟಿಗೆಯನ್ನು ಬಿಚ್ಚಿದಾಗ, ಕೈಪಿಡಿಯ ಕೊನೆಯ ಪುಟಗಳಲ್ಲಿಯೋ, ನಾಲ್ಕು ಮಡಿಕೆಯ ತೆಳು ಕಾಗದದಲ್ಲಿಯೋ, ಇರುವೆಯಂತಹ ಅಕ್ಷರಗಳಲ್ಲಿ ಒಂದು ಒಕ್ಕಣೆ ಎಷ್ಟೋ ವೇಳೆ ಇರುತ್ತದೆ. ಅದರಲ್ಲಿ ಒಂದು ವಿಳಾಸ. ಮೂರು ವರ್ಷಗಳೆಂಬ ಅವಧಿ. ನಕಲು ಮಾಡಿ ಕಳುಹಿಸುವ ವೆಚ್ಚವನ್ನು ಕೊಟ್ಟರೆ ಆಕರಸಂಕೇತವನ್ನು ಒದಗಿಸುವೆವೆಂಬ ವಾಗ್ದಾನ. ಜಿ.ಪಿ.ಎಲ್. ಎರಡನೆಯ ಆವೃತ್ತಿಯ ಪ್ರಕಾರ ಆ ವಾಗ್ದಾನ ಪೆಟ್ಟಿಗೆಯನ್ನು ಕೊಂಡವನಿಗೆ ಮಾತ್ರ ಸಲ್ಲತಕ್ಕದ್ದಲ್ಲ. ಅಂಗಡಿಯ ಮುಂದೆ ಹಾದುಹೋದವನೂ, ನೆರೆಮನೆಯ ಹುಡುಗನೂ, ಆ ವಿಳಾಸಕ್ಕೆ ಬರೆದು, ಸಾಗಣೆಯ ಹಣ ಕಟ್ಟಿ, ತನಗೂ ಒಂದು ಪ್ರತಿಯನ್ನು ತರಿಸಿಕೊಳ್ಳಬಹುದು.